ವೈರಸ್ ಹೋಯಿತು, ಕಂಪ್ಯೂಟರ್ ಏಳುತ್ತಿಲ್ಲ: ಮೊದಲು ಫೈಲ್ ಉಳಿಸಿಕೊಳ್ಳಿ

ಆಂಟಿವೈರಸ್ ಸ್ಕ್ಯಾನ್ ಮಾಡಿದಿರಿ. ಸಿಕ್ಕಿದ್ದನ್ನೆಲ್ಲ ತೆಗೆದುಹಾಕಿ ರೀಸ್ಟಾರ್ಟ್ ಕೊಟ್ಟಿರಿ. ಈಗ ವಿಂಡೋಸ್ ಬರುತ್ತಲೇ ಇಲ್ಲ. ಕಪ್ಪು ಪರದೆ, ಇಲ್ಲವೇ ನೀಲಿ ಪರದೆ. ಆಗ ಎಲ್ಲರ ಕೈ ಹೋಗುವುದು ಫಾರ್ಮ್ಯಾಟ್ ಕಡೆಗೇ. ದಯವಿಟ್ಟು ಸ್ವಲ್ಪ ತಡೆಯಿರಿ. ವಿಂಡೋಸ್ ಏಳದಿದ್ದ ಮಾತ್ರಕ್ಕೆ ನಿಮ್ಮ ಫೋಟೊ, ದಾಖಲೆಗಳು ಹೋದವು ಅಂತಲ್ಲ. ಸಾಮಾನ್ಯವಾಗಿ ಅವು ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ.

ಹೀಗೇಕೆ ಆಗುತ್ತದೆ? ಕೆಲವು ಮಾಲ್‌ವೇರ್‌ಗಳು, ಅಂದರೆ ವೈರಸ್‌ನಂಥ ಕೆಟ್ಟ ತಂತ್ರಾಂಶಗಳು, ವಿಂಡೋಸ್ ಶುರುವಾಗುವ ದಾರಿಯಲ್ಲೇ ಕೂತಿರುತ್ತವೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ, ವಿಂಡೋಸ್‌ನ ಫೈಲ್ ಹೆಸರು ಇರಬೇಕಾದ ಕಡೆ ತಮ್ಮ ಹೆಸರು ಬರೆದುಕೊಂಡಿರುತ್ತವೆ. ಆಂಟಿವೈರಸ್ ಆ ಕೆಟ್ಟ ಫೈಲನ್ನು ಅಳಿಸುತ್ತದೆ, ರಿಜಿಸ್ಟ್ರಿಯ ಸಾಲು ಮಾತ್ರ ಹಾಗೇ ಉಳಿದುಬಿಡುತ್ತದೆ. ವಿಂಡೋಸ್ ಇಲ್ಲದ ಫೈಲನ್ನು ಹುಡುಕುತ್ತಾ ನಿಲ್ಲುತ್ತದೆ. ಒಮ್ಮೊಮ್ಮೆ ಆಂಟಿವೈರಸ್ಸೇ ತಪ್ಪು ಮಾಡುವುದೂ ಉಂಟು. 2010ರ ಏಪ್ರಿಲ್ 21ರಂದು ಮ್ಯಾಕಫೀಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಮುಖ್ಯ ಫೈಲೊಂದನ್ನೇ ವೈರಸ್ ಅಂದುಕೊಂಡಿತ್ತು. ಎಷ್ಟೋ ಕಂಪ್ಯೂಟರ್‌ಗಳು ಸುಮ್ನೆ ರೀಸ್ಟಾರ್ಟ್ ಆಗುತ್ತಲೇ ಇದ್ದವು.

ಮೊದಲು ಕಾಪಿ, ಆಮೇಲೆ ರಿಪೇರಿ

ಇನ್ನೊಂದು ಒಳ್ಳೆಯ ಕಂಪ್ಯೂಟರ್, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್, ಫೈಲ್ ತುಂಬಿಕೊಳ್ಳಲು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬೇಕು. ಒಳ್ಳೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಡೌನ್‌ಲೋಡ್ ಮಾಡಿ. ಇವು ಲಿನಕ್ಸ್ ಎಂಬ, ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ನಡೆಸಬಲ್ಲ ಉಚಿತ ವ್ಯವಸ್ಥೆಗಳು. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ.

ಪೆನ್‌ಡ್ರೈವನ್ನು ಕೆಟ್ಟ ಕಂಪ್ಯೂಟರ್‌ಗೆ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ (ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿ) ಕೀ ಒತ್ತುತ್ತಾ ಹೋಗಿ. ಕಂಪನಿಗೆ ತಕ್ಕಂತೆ ಅದು ಎಫ್12, ಎಫ್9 ಅಥವಾ ಎಸ್ಕೇಪ್ ಇರಬಹುದು. ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ. ಇಲ್ಲಿ ತುಂಬಾ ಹುಷಾರು: ಲಿನಕ್ಸ್ 'ಟ್ರೈ' ಮತ್ತು 'ಇನ್‌ಸ್ಟಾಲ್' ಎಂಬ ಎರಡು ದಾರಿ ತೋರಿಸಿದರೆ ನಿಮಗೆ ಬೇಕಾದದ್ದು 'ಟ್ರೈ'. ಇನ್‌ಸ್ಟಾಲ್ ಒತ್ತಿ ಮುಂದೆ ಹೋದರೆ ಉಳಿಸಬೇಕೆಂದು ಹೊರಟ ಫೈಲ್‌ಗಳೇ ಅಳಿಸಿಹೋಗಬಹುದು.

ಡೆಸ್ಕ್‌ಟಾಪ್ ಬಂದ ಮೇಲೆ ಫೈಲ್ ಮ್ಯಾನೇಜರ್ ತೆರೆಯಿರಿ. ಎಡಗಡೆ ನಿಮ್ಮ ಡಿಸ್ಕ್ ಅದರ ಗಾತ್ರದ ಹೆಸರಿನಲ್ಲಿ ಕಾಣಬಹುದು. ಒಳಗೆ ಯೂಸರ್ಸ್ ಫೋಲ್ಡರ್, ಅದರೊಳಗೆ ನಿಮ್ಮ ಹೆಸರು, ಆಮೇಲೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್. ಅಕ್ಕನ ಲ್ಯಾಪ್‌ಟಾಪ್ ಕೈಕೊಟ್ಟಾಗ ನಾನೂ ಹೀಗೇ ಮಾಡಿದೆ. ಪಾಸ್‌ವರ್ಡ್ ಹಾಕಿದರೆ ಒಂದು ಕ್ಷಣ ಒಳಗೆ ಹೋಗಿ, ಮತ್ತೆ ಲಾಗಿನ್ ಪುಟಕ್ಕೇ ವಾಪಸ್ ಬರುತ್ತಿತ್ತು. ಮೂರು ವರ್ಷದ ಕೆಲಸ ಹೋಯಿತೆಂದು ಅವಳು ಅಳುತ್ತಾ ಕೂತಿದ್ದಳು. ಲಿನಕ್ಸ್‌ನ ಕಿಟಕಿಯಲ್ಲಿ ಅವಳದೇ ಫೋಲ್ಡರ್‌ಗಳು ಸಾಲಾಗಿ ಕಂಡಾಗ ಒಂದೊಂದರ ಹೆಸರನ್ನೂ ಜೋರಾಗಿ ಓದಿದಳು.

ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿ ಅದಕ್ಕೆ ಕಾಪಿ ಮಾಡುವಾಗ ಫೋಟೊ, ದಾಖಲೆ, ವಿಡಿಯೊ ಸಾಕು. ತಂತ್ರಾಂಶಗಳು, ಸೆಟಪ್ ಫೈಲ್‌ಗಳು ಬೇಡ, ಮಾಲ್‌ವೇರ್ ಅದರ ಜೊತೆ ಬರಬಹುದು. ಕಾಪಿ ಆದ ಮೇಲೆ ನಾಲ್ಕೈದು ಫೈಲ್ ತೆರೆದು ನೋಡಿ. ನಿಮ್ಮ ವಿಂಡೋಸ್ ಡಿಸ್ಕ್ 'ರೀಡ್ ಓನ್ಲಿ' (ಓದಬಹುದು, ಬರೆಯಲಾಗದು) ಎಂದು ಬಂದರೆ ಗಾಬರಿ ಬೇಡ, ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದಿದ್ದರೆ ಹಾಗಾಗುತ್ತದೆ. ಕಾಪಿಗೆ ಅಷ್ಟು ಸಾಕಲ್ವಾ? ಡಿಸ್ಕ್‌ಗೆ ವಿಂಡೋಸ್‌ನದೇ ಆದ ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಮೊಬೈಲ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಹುಡುಕಿ, ಅದು ಅಲ್ಲಿರುವ ಸಾಧ್ಯತೆ ಜಾಸ್ತಿ.

ಫೈಲ್‌ಗಳು ನಿಜವಾಗಿಯೂ ಅಳಿಸಿಹೋಗಿದ್ದರೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಬಳಸಿ ನೋಡಿ. ಸಿಕ್ಕಿದ್ದನ್ನು ಅದೇ ಡಿಸ್ಕ್‌ಗೆ ಸೇವ್ ಮಾಡಬೇಡಿ, ಉಳಿದದ್ದೂ ಅಳಿಸಿಹೋಗುತ್ತದೆ.

ಈಗ ವಿಂಡೋಸ್ ಎಬ್ಬಿಸೋಣ

ಪೆನ್‌ಡ್ರೈವ್ ತೆಗೆದು ಕಂಪ್ಯೂಟರ್ ಆನ್ ಮಾಡಿ. ಶುರುವಾಗಲು ಎರಡು ಮೂರು ಸಲ ಸೋತರೆ ರಿಪೇರಿ ಪರದೆ ತಾನಾಗಿಯೇ ಬರುತ್ತದೆ. ಬರದಿದ್ದರೆ, ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಪೆನ್‌ಡ್ರೈವ್ ಮಾಡಿಕೊಂಡು, ಅದರಲ್ಲಿ 'ರಿಪೇರ್ ಯುವರ್ ಕಂಪ್ಯೂಟರ್' ಆರಿಸಿ. ಅಲ್ಲಿ ಮೊದಲು ಸ್ಟಾರ್ಟಪ್ ರಿಪೇರ್.

ಅದು ಆಗದಿದ್ದರೆ ಸಿಸ್ಟಮ್ ರೀಸ್ಟೋರ್. ನನಗೆ ಹೆಚ್ಚು ನಂಬಿಕೆ ಇದರ ಮೇಲೇ. ಕಾರಣ, ಇದು ರಿಜಿಸ್ಟ್ರಿಯನ್ನೂ ಹಳೆಯ ದಿನಕ್ಕೆ ತಿರುಗಿಸುತ್ತದೆ. ಅಕ್ಕನ ಲ್ಯಾಪ್‌ಟಾಪ್ ಎದ್ದದ್ದು ಇದರಿಂದಲೇ. ಸೋಂಕು ತಗಲುವ ಮುಂಚಿನ ತಾರೀಕು ಆರಿಸಿ. ಹಾಗೆ ತಿರುಗಲು ಬೇಕಾದ ಹಳೆಯ ದಿನದ ದಾಖಲೆ, ಅಂದರೆ ರೀಸ್ಟೋರ್ ಪಾಯಿಂಟ್, ಒಂದೂ ಇಲ್ಲದಿದ್ದರೆ ವಿಂಡೋಸ್ ತೀರಾ ಬೇಕಾದಷ್ಟರಿಂದಲೇ ಏಳುವ ಸೇಫ್ ಮೋಡ್‌ಗೆ ಹೋಗಿ, ಆಂಟಿವೈರಸ್‌ನ ಕ್ವಾರಂಟೈನ್ ಪಟ್ಟಿ (ಅದು ಹಿಡಿದು ಬೇರೆ ಇಟ್ಟ ಫೈಲ್‌ಗಳು) ನೋಡಿ. ಅದರಲ್ಲಿರುವುದು ವಿಂಡೋಸ್‌ನದೇ ಫೈಲ್ ಎಂದು ಖಾತ್ರಿಯಾದರೆ ಮಾತ್ರ ವಾಪಸ್ ತನ್ನಿ.

ಯಾವುದೂ ಆಗಲಿಲ್ಲವೆಂದರೆ 'ರೀಸೆಟ್ ದಿಸ್ ಪಿಸಿ'ಯಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿ. ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ, ನಿಮ್ಮ ಫೈಲ್ ಉಳಿಯಬೇಕು. ಉಳಿಯದಿದ್ದರೂ ಕಾಪಿ ಇದೆಯಲ್ಲ.

ವಿಂಡೋಸ್ ಎದ್ದ ಮೇಲೆ ಅದರ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿ, ಸುಮಾರು 15 ನಿಮಿಷ ಹಿಡಿಯುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್ ಅನ್ನೂ ಸ್ಕ್ಯಾನ್ ಮಾಡಿಯೇ ಫೈಲ್ ವಾಪಸ್ ಹಾಕಿ. ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಮಾತ್ರ ಇದಕ್ಕೆ ಕಾಯದೆ, ಮೊದಲ ದಿನವೇ ಬೇರೆ ಒಳ್ಳೆಯ ಕಂಪ್ಯೂಟರ್‌ನಿಂದ ಬದಲಿಸಿಬಿಡಿ.