ಹಳೇ ಅಂಬಾಸಿಡರ್ ಬಿಡಿಭಾಗಗಳ ತುಕ್ಕು ಬಿಡಿಸುವ ಬಗೆ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. ಇನ್ನೂ ಕಾರು ಇಟ್ಟುಕೊಂಡವರು ಬಾಗಿಲ ಕೀಲು, ಬ್ರಾಕೆಟ್, ಜಾಕಿಗೆ ತುಕ್ಕು ಹಿಡಿಯಿತು ಅಂತ ಸುಮ್ನೆ ಗುಜರಿಗೆ ಹಾಕಬೇಡಿ. ತುಕ್ಕಿನಡಿ ಗಟ್ಟಿ ಲೋಹ ಉಳಿದಿದ್ದರೆ ಸಾಕು, ಉಳಿಸಿಕೊಳ್ಳಬಹುದು.

ಮೊದಲು ಜಿಡ್ಡು ತೆಗೆಯಿರಿ. ತುಕ್ಕು ಬಿಡಿಸೋಕೆ ಆಮೇಲೆ ಭಾಗವನ್ನು ಹುಳಿಯಲ್ಲಿ, ಅಂದರೆ ಆಸಿಡ್ ನೀರಲ್ಲಿ ನೆನೆಸಬೇಕು; ಹಳೇ ಗ್ರೀಸ್ ಕೂತ ಕಡೆ ಅದು ಇಳಿಯುವುದೇ ಇಲ್ಲ. ಡೀಸೆಲ್ ಹಾಕಿ ಉಜ್ಜಿ, ಸೋಪಿನ ನೀರಲ್ಲಿ ತೊಳೆಯಿರಿ. ಚಕ್ಕೆ ಎದ್ದ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆಯಿರಿ. ಕನ್ನಡಕ ಹಾಕಿಕೊಳ್ಳಿ, ಬ್ರಷ್ಷಿನ ತಂತಿ ಕಣ್ಣಿಗೆ ಸಿಡಿಯುತ್ತದೆ.

ನೆನೆಸೋಕೆ ವಿನೆಗರ್ ಆಗುತ್ತದೆ, ಆದರೆ ದೊಡ್ಡ ಭಾಗಕ್ಕೆ ಖರ್ಚು ಜಾಸ್ತಿ. ನಾನು ಬಳಸುವುದು ಸಿಟ್ರಿಕ್ ಆಸಿಡ್, ಅದೇ ಅಡುಗೆಗೆ ಹಾಕುವ ನಿಂಬೆ ಉಪ್ಪು. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಾಕು. ಪ್ಲಾಸ್ಟಿಕ್ ಬಕೆಟ್ಟೇ ಇರಲಿ. ಭಾಗ ಪೂರ್ತಿ ಮುಳುಗಬೇಕು. ಅರ್ಧ ಹೊರಗಿದ್ದರೆ ನೀರಿನ ಗೆರೆ ನಿಂತಲ್ಲೇ ಕಬ್ಬಿಣ ಕೊರೆದುಹೋಗುತ್ತದೆ. ಸಣ್ಣ ಗುಳ್ಳೆ ಏಳುತ್ತವೆ, ನೀರಿನ ಬಣ್ಣ ತಿರುಗುತ್ತದೆ. ಎರಡು ಮೂರು ಗಂಟೆಗೊಮ್ಮೆ ಎತ್ತಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ನೋಡಿ. ಬೂದು ಬಣ್ಣದ ಲೋಹ ಕಂಡರೆ ಹೊರಗೆ ತೆಗೆದುಬಿಡಿ. ಮರೆತು ದಿನಗಟ್ಟಲೆ ಬಿಟ್ಟರೆ ಒಳ್ಳೇ ಕಬ್ಬಿಣವನ್ನೂ ಹುಳಿ ತಿನ್ನುತ್ತದೆ.

ಬಚ್ಚಲು ತೊಳೆಯುವ ಆಸಿಡ್ ಬೇಡವೇ ಬೇಡ. ಅದರ ಹೊಗೆ ಎದೆಗೆ ಕೆಟ್ಟದ್ದು, ಶೆಡ್ಡಿನಲ್ಲಿರುವ ಬೇರೆ ಸಾಮಾನಿಗೂ ಹೊಸ ತುಕ್ಕು ತರುತ್ತದೆ.

ಎಲ್ಲವನ್ನೂ ಹುಳಿಗೆ ಹಾಕುವ ಹಾಗಿಲ್ಲ. ಕಾರ್ಬುರೇಟರ್, ಅಲ್ಯೂಮಿನಿಯಂ ಭಾಗ, ಸತುವಿನ ಲೇಪದ ಬೋಲ್ಟು ದೂರ ಇರಲಿ. ಸ್ಪ್ರಿಂಗ್ ಕೂಡ ಬೇಡ, ಗಡಸು ಉಕ್ಕು ಹುಳಿಯಲ್ಲಿ ನೆನೆದರೆ ಮುರಿಯುವ ಭಯ ಇದೆ. ಬ್ರೇಕಿನ ಭಾಗ ತುಕ್ಕು ತಿಂದಿದ್ದರೆ ಹೊಸದು ಹಾಕಿಸಿ, ಅಲ್ಲಿ ಉಳಿತಾಯ ನೋಡಬೇಡಿ. ಕ್ರೋಮ್ ಬಂಪರ್ ಮೇಲಿನ ಸಣ್ಣ ಚುಕ್ಕೆಗೆ ತಿಂಡಿ ಸುತ್ತುವ ಅಲ್ಯೂಮಿನಿಯಂ ಹಾಳೆ ಮುದುಡಿ, ನೀರಲ್ಲಿ ಅದ್ದಿ ಮೆತ್ತಗೆ ಉಜ್ಜಿದರೆ ಸಾಕು.

ಬಹಳ ಜನ ಸೋಲುವುದು ಇದಾದ ಮೇಲೆ. ಹುಳಿಯಿಂದ ಎತ್ತಿದ ಕಬ್ಬಿಣ ಒದ್ದೆಯಾಗಿದ್ದರೆ ನೋಡನೋಡುತ್ತಲೇ ಕೇಸರಿ ಪುಡಿ ಕಟ್ಟುತ್ತದೆ, ಕರಾವಳಿಯ ಗಾಳಿಯಲ್ಲಂತೂ ಕೇಳಲೇಬೇಡಿ. ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಅದರಲ್ಲಿ ಅದ್ದಿ, ಕೊನೆಗೆ ಕುದಿನೀರು ಸುರಿಯಿರಿ. ಲೋಹ ಬಿಸಿಯೇರಿ ತಾನೇ ಒಣಗುತ್ತದೆ. ಸಂದುಗೊಂದಿಗೆ ಹೇರ್ ಡ್ರೈಯರ್ ಹಿಡಿಯಿರಿ. ಬಣ್ಣ ಬಳಿಯುವ ಭಾಗಕ್ಕೆ ಎಣ್ಣೆ ಕೈ ಸೋಕಬಾರದು. ಅವತ್ತೇ ರೆಡ್ ಆಕ್ಸೈಡ್, ಅಂದರೆ ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರ್, ಹೊಡೆಯಿರಿ. ತಿರುಗುವ, ಉಜ್ಜಾಡುವ ಭಾಗಕ್ಕೆ ಗ್ರೀಸ್. ರೆಡ್ ಆಕ್ಸೈಡ್ ಬಳಿದು ಹಾಗೇ ಬಿಟ್ಟರೆ ಮಳೆಗಾಲದಲ್ಲಿ ತೇವ ಒಳಗಿಳಿಯುತ್ತದೆ, ಒಣಗಿದ ಮೇಲೆ ಎರಡು ಕೈ ಎನಾಮೆಲ್ ಬಣ್ಣ ಹಚ್ಚಿ.