ಟ್ಯಾರೋದಲ್ಲಿ ಮೂರು ಕಾರ್ಡುಗಳನ್ನು ಕೂಡಿಸಿ ಓದುವ ಕ್ರಮ

ಪ್ರಶ್ನೆಯೊಂದಕ್ಕೆ ಉತ್ತರ ಹುಡುಕಲು ಎಳೆದು ಓದುವ ಚಿತ್ರದ ಕಾರ್ಡುಗಳೇ ಟ್ಯಾರೋ. ಅದರ 78 ಕಾರ್ಡುಗಳ ಕಟ್ಟಿನಿಂದ ಮೂರನ್ನು ಸಾಲಾಗಿ ಎಳೆದಿಟ್ಟರೆ 4,56,456 ಬಗೆಯ ಸಾಲುಗಳು ಬರಬಹುದು. ತಲೆಕೆಳಗಾಗಿ ಬೀಳುವ ಕಾರ್ಡುಗಳನ್ನೂ ಲೆಕ್ಕಕ್ಕೆ ಹಿಡಿದರೆ ಅದರ ಎಂಟು ಪಟ್ಟು. ಆದ್ದರಿಂದ "ಈ ಮೂರು ಬಂದರೆ ಇಂಥ ಫಲ" ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಹೊರಡುವುದು ವ್ಯರ್ಥ. ಹೊಸಬರು ಸಾಮಾನ್ಯವಾಗಿ ಪ್ರತಿ ಕಾರ್ಡಿಗೂ ಎರಡೆರಡು ವಾಕ್ಯ ಹೇಳಿ ಮುಗಿಸುತ್ತಾರೆ. ಆಗ ಮೂರು ಬಿಡಿ ಫಲಗಳು ಸಿಗುತ್ತವೆಯೇ ಹೊರತು ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಒಂದು ಕಾರ್ಡು ಪಕ್ಕದ ಕಾರ್ಡಿಗೆ ಬಲ ಕೊಡುತ್ತಿದೆಯೋ, ಅಡ್ಡ ಬರುತ್ತಿದೆಯೋ, ಬೆನ್ನು ತೋರಿಸುತ್ತಿದೆಯೋ ಎಂದು ನೋಡುವುದೇ ಕೂಡಿಸಿ ಓದುವುದು.

ಇಲ್ಲಿ ಹೇಳುವ ಕ್ರಮ ರೈಡರ್-ವೇಟ್-ಸ್ಮಿತ್ ಕಟ್ಟಿನದು. ಆರ್ಥರ್ ಎಡ್ವರ್ಡ್ ವೇಟ್ ಅವರ ಮಾರ್ಗದರ್ಶನದಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಈ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದರಲ್ಲಿ ಅಂಕಿಯ ಕಾರ್ಡುಗಳಲ್ಲೂ ಪೂರ್ಣ ದೃಶ್ಯಗಳಿವೆ, ಹೆಚ್ಚಿನವುಗಳಲ್ಲಿ ಮನುಷ್ಯರಿದ್ದಾರೆ. ಮಾರ್ಸೇಲ್ ಮಾದರಿಯ ಕಟ್ಟಿನ ಅಂಕಿಯ ಕಾರ್ಡುಗಳಲ್ಲಿ ಬರೀ ಕತ್ತಿ, ಬಟ್ಟಲುಗಳ ವಿನ್ಯಾಸ ಇರುವುದರಿಂದ ಮುಂದೆ ಬರುವ ದೃಷ್ಟಿಯ ನಿಯಮ ಅಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ಕಾರ್ಡು ಮುಟ್ಟುವ ಮೊದಲೇ ಎರಡು ಸಂಗತಿ ಬರೆದಿಟ್ಟುಕೊಳ್ಳಿ: ಪ್ರಶ್ನೆ ಮತ್ತು ಮೂರು ಸ್ಥಾನಗಳ ಹೆಸರು. ಹಿಂದಿನದು-ಈಗಿನದು-ಮುಂದಿನದು ಎಂದಾದರೂ ಇಡಿ, ಪರಿಸ್ಥಿತಿ-ಅಡ್ಡಿ-ಸಲಹೆ ಎಂದಾದರೂ ಇಡಿ. ಕಾರ್ಡು ಬಿದ್ದ ಮೇಲೆ ಸ್ಥಾನ ಬದಲಾಯಿಸಿದರೆ ಇಷ್ಟವಾದ ಕಾರ್ಡು "ಸಲಹೆ"ಯಾಗುತ್ತದೆ, ಇಷ್ಟವಿಲ್ಲದ್ದು "ಹಿಂದಿನದು" ಆಗಿಬಿಡುತ್ತದೆ. ಬಹುಪಾಲು ರೀಡಿಂಗ್ ಹಾಳಾಗುವುದು ಇಲ್ಲಿಯೇ. "ಆಗುತ್ತದೋ ಇಲ್ಲವೋ" ಎಂಬ ಪ್ರಶ್ನೆಗಿಂತ "ಈ ವಿಚಾರದಲ್ಲಿ ನಾನು ಏನನ್ನು ಗಮನಿಸಬೇಕು" ಎಂಬ ಪ್ರಶ್ನೆಗೆ ಮೂರು ಕಾರ್ಡು ಚೆನ್ನಾಗಿ ಉತ್ತರಿಸುತ್ತವೆ.

ಮೂರನ್ನೂ ಒಟ್ಟಿಗೆ ತೆರೆಯಿರಿ. ಒಂದೊಂದೇ ತೆರೆದು ಹೇಳುತ್ತಾ ಹೋದರೆ ಮೊದಲ ಕಾರ್ಡಿಗೆ ಹೇಳಿದ ಮಾತನ್ನು ಉಳಿಸಿಕೊಳ್ಳಲು ಉಳಿದೆರಡನ್ನು ಎಳೆದಾಡಬೇಕಾಗುತ್ತದೆ.

ಮೊದಲು ಮೇಜರ್ ಅರ್ಕಾನಾ, ಅಂದರೆ ಡೆತ್, ಟವರ್‌ನಂಥ ಸ್ವಂತ ಹೆಸರಿನ ದೊಡ್ಡ ಕಾರ್ಡುಗಳು, ಎಷ್ಟಿವೆ ಎಂದು ಎಣಿಸಿ. ಕಟ್ಟಿನಲ್ಲಿ ಅವು 22, ಉಳಿದ 56 ನಾಲ್ಕು ವರ್ಗಗಳ ಮೈನರ್ ಕಾರ್ಡುಗಳು. ಮೂರು ಕಾರ್ಡಿನಲ್ಲಿ ಒಂದು ಮೇಜರ್ ಬರುವುದು 100ಕ್ಕೆ ಸುಮಾರು 45 ಸಲ, ಒಂದೂ ಬಾರದಿರುವುದು 36 ಸಲ. ಇವೆರಡೂ ಮಾಮೂಲು, ಅದಕ್ಕೆ ವಿಶೇಷ ಅರ್ಥ ಹಚ್ಚಬೇಡಿ. ಮೂರೂ ಮೇಜರ್ ಆಗುವುದು 50ಕ್ಕೆ ಒಂದು ಸಲ ಮಾತ್ರ. ಮೂರೂ ಒಂದೇ ವರ್ಗದ ಮೈನರ್ ಕಾರ್ಡುಗಳಾಗುವುದೂ ಹೆಚ್ಚುಕಡಿಮೆ ಅಷ್ಟೇ ಅಪರೂಪ. ಅಂಥ ಸಾಲು ಬಂದಾಗ ಆ ಒಂದು ವಿಷಯವೇ ಉಳಿದೆಲ್ಲವನ್ನೂ ಆವರಿಸಿದೆ ಎಂದು ಓದಬಹುದು.

ಆಮೇಲೆ ತತ್ತ್ವಗಳು. ನಾಲ್ಕು ವರ್ಗಗಳಲ್ಲಿ ವಾಂಡ್ಸ್ (ಕೋಲು) ಬೆಂಕಿ, ಕಪ್ಸ್ (ಬಟ್ಟಲು) ನೀರು, ಸ್ವೋರ್ಡ್ಸ್ (ಕತ್ತಿ) ಗಾಳಿ, ಪೆಂಟಕಲ್ಸ್ (ನಾಣ್ಯ) ಮಣ್ಣು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗೋಲ್ಡನ್ ಡಾನ್ ಎಂಬ ಗೂಢವಿದ್ಯೆಯ ಸಂಘ ರೂಪಿಸಿದ ನಿಯಮದಂತೆ ಬೆಂಕಿಗೂ ನೀರಿಗೂ ವೈರ, ಗಾಳಿಗೂ ಮಣ್ಣಿಗೂ ವೈರ. ಉಳಿದ ಜೋಡಿಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ನಡುವಿನ ಕಾರ್ಡೇ ಮುಖ್ಯ, ಅಕ್ಕಪಕ್ಕದವು ಅದನ್ನು ಬಲಪಡಿಸುತ್ತವೆ ಇಲ್ಲವೇ ಕುಗ್ಗಿಸುತ್ತವೆ. ಎರಡೂ ಬದಿಯ ಕಾರ್ಡುಗಳು ತಮ್ಮತಮ್ಮಲ್ಲೇ ವೈರಿಗಳಾದರೆ ಒಂದರ ಪ್ರಭಾವವನ್ನು ಇನ್ನೊಂದು ತಡೆಯುತ್ತದೆ, ನಡುವಿನದು ತನ್ನ ಸಹಜ ಅರ್ಥದಲ್ಲೇ ಉಳಿಯುತ್ತದೆ.

ಕೊನೆಗೆ ದೃಷ್ಟಿ: ಚಿತ್ರದಲ್ಲಿರುವವರು ಯಾವ ಕಡೆ ಮುಖ ಮಾಡಿದ್ದಾರೆ?

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಪ್ರಶ್ನೆ: ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕುವ ವಿಚಾರದಲ್ಲಿ ಏನನ್ನು ಗಮನಿಸಬೇಕು? ಸ್ಥಾನಗಳು ಹಿಂದಿನದು, ಈಗಿನದು, ಮುಂದಿನದು. ಎಡದಿಂದ ಬಂದದ್ದು ಏಟ್ ಆಫ್ ಕಪ್ಸ್, ಫೋರ್ ಆಫ್ ಪೆಂಟಕಲ್ಸ್, ನೈಟ್ ಆಫ್ ಸ್ವೋರ್ಡ್ಸ್ (ನೈಟ್ ಎಂದರೆ ಕುದುರೆ ಸವಾರ).

ಮೊದಲ ಕಾರ್ಡಿನಲ್ಲಿ ಕೆಂಪು ಬಟ್ಟೆಯವನೊಬ್ಬ ಕೋಲೂರಿಕೊಂಡು, ಎಂಟು ಬಟ್ಟಲುಗಳನ್ನು ಹಿಂದೆ ಬಿಟ್ಟು ನಡೆದಿದ್ದಾನೆ. ಕೆಳಗೆ ಐದು, ಮೇಲೆ ಮೂರು. ಮೇಲಿನ ಸಾಲಿನಲ್ಲಿ ಒಂದು ಬಟ್ಟಲಿನಷ್ಟು ಜಾಗ ಖಾಲಿ. ಅಂದರೆ ಎಲ್ಲ ಇದ್ದೂ ಏನೋ ಸಾಲದೆ ಮನಸ್ಸು ಆಗಲೇ ಆ ಕೆಲಸದಿಂದ ಎದ್ದು ಹೋಗಿದೆ. ನಡುವೆ ಕೂತವನ ಕಿರೀಟದ ಮೇಲೊಂದು ನಾಣ್ಯ, ಎದೆಗವಚಿ ಹಿಡಿದದ್ದು ಒಂದು, ಕಾಲಡಿ ಎರಡು, ಅವನು ಅಲುಗಾಡುವಂತಿಲ್ಲ. ಇದನ್ನೊಂದೇ ಓದಿದರೆ ಜಿಪುಣತನ ಎಂದುಬಿಡಬಹುದು. ಆದರೆ ಎಡಗಡೆಯ ನೀರು ಮಣ್ಣಿಗೆ ಬಲ ಕೊಡುತ್ತಿದೆ: ಮನಸ್ಸು ಕೆಲಸ ಬಿಟ್ಟ ಹೆದರಿಕೆಯೇ ಹಣದ ಮೇಲಿನ ಹಿಡಿತವನ್ನು ಬಿಗಿಮಾಡಿದೆ. ಬಲಗಡೆಯ ಸವಾರ ಎಡಕ್ಕೆ, ಅಂದರೆ ನೇರವಾಗಿ ಕೂತವನ ಮೇಲೆಯೇ, ಕುದುರೆ ನುಗ್ಗಿಸುತ್ತಿದ್ದಾನೆ. ಗಾಳಿಗೂ ಮಣ್ಣಿಗೂ ವೈರ, ಹಾಗಾಗಿ ವೇಗವೂ ಕೈಗೂಡದು, ಉಳಿತಾಯಕ್ಕೂ ಪೆಟ್ಟು. ಸೇರಿಸಿ ಹೇಳಿದರೆ: "ಕೆಲಸದಿಂದ ನಿಮ್ಮ ಮನಸ್ಸು ಆಗಲೇ ಹೊರಬಂದಿದೆ, ಆ ಭಯಕ್ಕೆ ದುಡ್ಡನ್ನು ಗಟ್ಟಿಯಾಗಿ ಹಿಡಿದಿದ್ದೀರಿ, ಯಾರಾದರೂ ಅವಸರ ಮಾಡಿದರೆ ಪೆಟ್ಟು ಬೀಳುವುದು ಆ ದುಡ್ಡಿಗೇ." ಎಷ್ಟು ಹಣ ಹಾಕುವುದು, ಎಷ್ಟನ್ನು ಮುಟ್ಟಲೇಬಾರದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ ಎನ್ನುವುದು ಇದರಿಂದ ಬರುವ ಸಲಹೆ. ನೈಟ್ ಬೇರೆ ವ್ಯಕ್ತಿಯೋ ಕೇಳುವವರದೇ ಆತುರವೋ ಎಂಬುದನ್ನು ಊಹಿಸಬೇಡಿ, ಅವರನ್ನೇ ಕೇಳಿ.

ಈಗ ಅವೇ ಮೂರನ್ನು ಹಿಂದುಮುಂದು ಮಾಡಿ. ಎಡತುದಿಗೆ ಬಂದ ನೈಟ್ ಉಳಿದವರಿಗೆ ಬೆನ್ನು ಹಾಕಿ ಸಾಲಿನಿಂದ ಹೊರಗೋಡುತ್ತಾನೆ: ಆತುರದ ಕಾಲ ಮುಗಿದಿದೆ. ನಡುವೆ ಅದೇ ಬಿಗಿ ಹಿಡಿತ. ಬಲಕ್ಕೆ ಏಟ್ ಆಫ್ ಕಪ್ಸ್, ಮಣ್ಣಿಗೆ ಹೊಂದುವ ನೀರು: ಕೂಡಿಟ್ಟದ್ದರ ಬಲದಿಂದಲೇ ಎದ್ದು ಹೊರಡುವ ಗಳಿಗೆ. ಮೊದಲ ಸಾಲಿನಲ್ಲಿದ್ದ ಪೆಟ್ಟಿನ ಮಾತೇ ಇಲ್ಲಿಲ್ಲ.

ತಲೆಕೆಳಗಾದ ಕಾರ್ಡನ್ನು ತಡೆಯೆಂದು ಓದುತ್ತೀರೋ, ಒಳಮುಖದ ಶಕ್ತಿಯೆಂದು ಓದುತ್ತೀರೋ, ಕಲೆಸುವ ಮೊದಲೇ ನಿರ್ಧರಿಸಿ. ಒಂದೇ ರೀಡಿಂಗ್‌ನಲ್ಲಿ ಎರಡನ್ನೂ ಬೆರೆಸಬೇಡಿ. ಹಲವರು ಮರೆಯುವ ಇನ್ನೊಂದು ಅಂಶವಿದೆ. ಕಾರ್ಡು ತಿರುಗಿದರೆ ದೃಷ್ಟಿಯ ದಿಕ್ಕೂ ತಿರುಗುತ್ತದೆ. ಮೇಲಿನ ಮೊದಲ ಸಾಲಿನಲ್ಲಿ ನೈಟ್ ತಲೆಕೆಳಗಾಗಿ ಬಿದ್ದಿದ್ದರೆ ಅವನು ಬಲಕ್ಕೆ, ಸಾಲಿನ ಹೊರಗೆ ಮುಖ ಮಾಡುತ್ತಿದ್ದ, ದಾಳಿ ಎಂಬ ಓದು ಆಗ ಹೊಂದುತ್ತಿರಲಿಲ್ಲ.

ಉತ್ತರ ಹಿಡಿಸಲಿಲ್ಲವೆಂದು ನಾಲ್ಕನೆಯ ಕಾರ್ಡು ಎಳೆಯುವ ಅಭ್ಯಾಸ ಬಿಡಲೇಬೇಕು. ನಡುವಿನ ಕಾರ್ಡು ಆಗ ನಡುವೆ ಉಳಿಯುವುದಿಲ್ಲ, ಅಕ್ಕಪಕ್ಕದ ಲೆಕ್ಕವೆಲ್ಲ ಕೆಡುತ್ತದೆ. ಡೆತ್, ಟವರ್ ಬಂದರೆ ಸಾವು, ಅಪಘಾತ ಎಂದು ಹೇಳಿ ಎದುರಿಗಿರುವವರನ್ನು ಹೆದರಿಸುವುದಂತೂ ಅನ್ಯಾಯ. ಡೆತ್ ಕಾರ್ಡಿನ ಹಿನ್ನೆಲೆಯಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ, ಅದನ್ನೂ ಓದಬೇಕು. ಕಾಯಿಲೆಯ ಪ್ರಶ್ನೆ ಬಂದರೆ ಕಾರ್ಡು ಹಾಕದೆ ವೈದ್ಯರ ಬಳಿ ಕಳಿಸಿ.

ಓದಿದ್ದನ್ನು ತಾರೀಖಿನೊಂದಿಗೆ ನೋಟ್‌ಬುಕ್‌ನಲ್ಲಿ ಬರೆಯಿರಿ: ಪ್ರಶ್ನೆ, ಸ್ಥಾನ, ಕಾರ್ಡುಗಳು, ಯಾವುದು ತಲೆಕೆಳಗು, ಕೊನೆಗೆ 25 ಪದ ಮೀರದ ಒಂದೇ ವಾಕ್ಯದ ಉತ್ತರ. ಆ ವಾಕ್ಯದಲ್ಲಿ ಮೂರು ಕಾರ್ಡುಗಳಲ್ಲಿ ಒಂದು ಕೈಬಿಟ್ಟಿದ್ದರೆ ಅದರ ಪಕ್ಕದ ಕಾರ್ಡಿನಿಂದ ಮತ್ತೆ ಓದಲು ಶುರುಮಾಡಿ.