ಸಿಲಿಕಾನ್ ಆನೋಡ್: ಮೊದಲು ಅಂಟು ಸರಿಯಿರಲಿ

ಲಿಥಿಯಂ-ಅಯಾನ್ ಬ್ಯಾಟರಿಯ ಆನೋಡಿನಲ್ಲಿ (ಚಾರ್ಜ್ ಆಗುವಾಗ ಲಿಥಿಯಂ ತುಂಬಿಕೊಳ್ಳುವ ಋಣ ತುದಿ) ಗ್ರಾಫೈಟ್ ಒಂದು ಗ್ರಾಂಗೆ 372 ಮಿಲಿಆಂಪಿಯರ್-ಗಂಟೆ ವಿದ್ಯುತ್ ಹಿಡಿದರೆ ಸಿಲಿಕಾನ್ ಸುಮಾರು 3,579 ಹಿಡಿಯುತ್ತದೆ. ಆದರೆ ಲಿಥಿಯಂ ತುಂಬಿಕೊಂಡ ಸಿಲಿಕಾನ್ ಕಣದ ಗಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಖಾಲಿಯಾದಾಗ ಮತ್ತೆ ಕುಗ್ಗುತ್ತದೆ. ಈ ಎಳೆದಾಟವನ್ನು ತಾಳಿಕೊಳ್ಳಬೇಕಾದ್ದು ಬೈಂಡರ್, ಅಂದರೆ ಕಣಗಳನ್ನು ಒಂದಕ್ಕೊಂದು ಮತ್ತು ತಾಮ್ರದ ಹಾಳೆಗೆ ಹಿಡಿದಿಡುವ ಅಂಟು. ಹೊಸ ಸಿಲಿಕಾನ್ ಪುಡಿಗಾಗಿ ತಿಂಗಳುಗಟ್ಟಲೆ ದುಡಿಯುವ ಮುನ್ನ ಈ ಅಂಟನ್ನು ಸರಿಮಾಡಿಕೊಳ್ಳಬೇಕು.

ನಮ್ಮ 2 ಗ್ರಾಂ ಮಿಶ್ರಣದಲ್ಲಿ 100 ನ್ಯಾನೊಮೀಟರ್ ಆಸುಪಾಸಿನ ಸಿಲಿಕಾನ್ 0.30 ಗ್ರಾಂ, ಗ್ರಾಫೈಟ್ 1.40, ವಿದ್ಯುತ್ ಹರಿಸುವ ಕಾರ್ಬನ್ ಬ್ಲ್ಯಾಕ್ ಪುಡಿ 0.10, ಅಂಟಾಗಿ ಸಿಎಂಸಿ (ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್) 0.20. ಬ್ಯಾಟರಿಗಳಲ್ಲಿ ಬಳಸುವ ಇನ್ನೊಂದು ಅಂಟು ಪಿವಿಡಿಎಫ್ ಇಲ್ಲಿ ಬೇಡ. ಅದು ಸಿಲಿಕಾನನ್ನು ಗಟ್ಟಿಯಾಗಿ ಕಚ್ಚುವುದಿಲ್ಲ. ಸಿಟ್ರಿಕ್ ಆಮ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ನೀರನ್ನು ಪಿಎಚ್ 3ಕ್ಕೆ ತಂದು ಅದರಲ್ಲೇ ಸಿಎಂಸಿ ಕರಗಿಸುತ್ತೇವೆ. ಆ ಹುಳಿಯಲ್ಲಿ ಸಿಎಂಸಿಯ ಕಾರ್ಬಾಕ್ಸಿಲ್ ಗುಂಪುಗಳು ಸಿಲಿಕಾನ್ ಮೇಲ್ಮೈಯ ಹೈಡ್ರಾಕ್ಸಿಲ್‌ಗಳೊಂದಿಗೆ ಬಂಧ ಕಟ್ಟಿಕೊಳ್ಳುತ್ತವೆ. ಕ್ಷಾರೀಯ ನೀರಿನಲ್ಲಾದರೆ ನ್ಯಾನೊ ಸಿಲಿಕಾನ್ ಹೈಡ್ರೋಜನ್ ಬಿಡುತ್ತದೆ, ಬಳಿದ ಪದರದ ತುಂಬ ಸೂಜಿಮೊನೆಯಷ್ಟು ತೂತುಗಳು. ಹುಳಿಯಲ್ಲಿ ಅದು ಕಡಿಮೆ. ಆದರೂ ಸ್ಲರಿಯ (ನೀರಿನಲ್ಲಿ ಕಲಸಿದ ಈ ಮಿಶ್ರಣದ) ಬಾಟಲಿಯನ್ನು ರಾತ್ರಿಯಿಡೀ ಬಿಗಿಯಾಗಿ ಮುಚ್ಚಿಡಬೇಡಿ. ಒಣಗಿದ ಮೇಲೂ ಸಿಟ್ರೇಟ್ ಲವಣ ಎಲೆಕ್ಟ್ರೋಡಿನಲ್ಲೇ ಉಳಿಯುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಾಮರ್ಥ್ಯ ಕಡಿಮೆ ಬಂದಂತೆ ಕಾಣುತ್ತದೆ.

ಮಿಶ್ರಣ ಬಳಿದ ತಾಮ್ರದ ಹಾಳೆ ಮೊದಲು ಕೋಣೆಯ ಬಿಸಿಯಲ್ಲಿ ನಿಧಾನವಾಗಿ ಆರಲಿ, ಅವಸರ ಮಾಡಿದರೆ ಬಿರುಕು. ಆಮೇಲೆ ನಿರ್ವಾತದಲ್ಲಿ 120 ಡಿಗ್ರಿ ಸೆಲ್ಸಿಯಸ್, 12 ಗಂಟೆ.

ತೂಕ ಹಾಕುವಾಗ ಎಚ್ಚರ. 12 ಮಿಲಿಮೀಟರ್ ಬಿಲ್ಲೆಯ ಮೇಲೆ ಚದರ ಸೆಂಟಿಮೀಟರ್‌ಗೆ 3 ಮಿಲಿಗ್ರಾಂ ಬಳಿದರೆ ಪದರ ಬರೀ 3.4 ಮಿಲಿಗ್ರಾಂ, ಅಡಿಯ 10 ಮೈಕ್ರಾನ್ ತಾಮ್ರದ ಹಾಳೆಯೇ 10 ಮಿಲಿಗ್ರಾಂ. ಹಾಳೆಯ ತೂಕದಲ್ಲಿ 0.1 ಮಿಲಿಗ್ರಾಂ ತಪ್ಪಿದರೂ ಸಾಮರ್ಥ್ಯದಲ್ಲಿ ಶೇ. 3ರಷ್ಟು ಹುಸಿ ಏರಿಳಿತ. ಖಾಲಿ ಹಾಳೆಯ ಹತ್ತು ಬಿಲ್ಲೆ ಕತ್ತರಿಸಿ ಸರಾಸರಿ ತೆಗೆದಿಟ್ಟುಕೊಳ್ಳಿ.

ಲಿಥಿಯಂ ಸಾಗಿಸುವ ದ್ರವವಾದ ಎಲೆಕ್ಟ್ರೋಲೈಟ್‌ಗೆ ಶೇ. 10 ಎಫ್‌ಇಸಿ (ಫ್ಲೋರೋಎಥಿಲೀನ್ ಕಾರ್ಬೊನೇಟ್) ಸೇರಿಸುತ್ತೇವೆ, ಕಣದ ಮೇಲೆ ರಕ್ಷಣಾಪದರ ಕಟ್ಟಲು. ಮೊದಲ ಮೂರು ಚಾರ್ಜ್-ಡಿಸ್ಚಾರ್ಜ್ ಸುತ್ತು ಸಿ/20 ವೇಗದಲ್ಲಿ, ಅಂದರೆ ಒಮ್ಮೆ ತುಂಬಲು 20 ಗಂಟೆ. ಅರ್ಧ ಸೆಲ್‌ನಲ್ಲಿ (ಈ ಎಲೆಕ್ಟ್ರೋಡಿನ ಎದುರು ಲಿಥಿಯಂ ಹಾಳೆ ಇಟ್ಟ ಪರೀಕ್ಷಾ ಸೆಲ್) 0.05 ವೋಲ್ಟ್‌ಗಿಂತ ಕೆಳಗಿಳಿಸುವುದಿಲ್ಲ. ಇಳಿಸಿದರೆ ಲಿಥಿಯಂ-ಸಿಲಿಕಾನ್ ಹರಳುಗಟ್ಟಿ ಒಳಬಿಗಿತ ಹೆಚ್ಚುತ್ತದೆ. ಊದಿ ಕುಗ್ಗುವ ಪ್ರತಿ ಸಲವೂ ಕಣದ ಮೇಲಿನ ರಕ್ಷಣಾಪದರ ಒಡೆದು ಹೊಸದಾಗಿ ಕಟ್ಟುವುದರಿಂದ ಎಫ್‌ಇಸಿ ಸವೆಯುತ್ತಲೇ ಇರುತ್ತದೆ. ಅದು ಮುಗಿದಾಗ ಅಲ್ಲಿಯವರೆಗೆ ನೆಟ್ಟಗಿದ್ದ ಸೆಲ್ ದಿಢೀರನೆ ಕುಸಿಯುತ್ತದೆ.

ಅರ್ಧ ಸೆಲ್‌ನ ಚೆಂದದ ಗ್ರಾಫ್ ನಂಬಬೇಡಿ. ಎದುರಿನ ಲಿಥಿಯಂ ಹಾಳೆ ನಷ್ಟವನ್ನೆಲ್ಲ ತುಂಬಿಕೊಡುತ್ತದೆ. ಎದುರಿಗೆ ಕ್ಯಾಥೋಡ್ ಇರುವ ಪೂರ್ಣ ಸೆಲ್‌ನಲ್ಲಿ ಕೂಲಂಬಿಕ್ ದಕ್ಷತೆ (ತುಂಬಿದ ವಿದ್ಯುತ್ತಿನಲ್ಲಿ ಮರಳಿ ಸಿಗುವ ಪಾಲು) ಶೇ. 99.5 ಇದ್ದರೆ ನೂರು ಸುತ್ತಿನ ಬಳಿಕ ಉಳಿಯುವ ಲಿಥಿಯಂ ಸುಮಾರು ಶೇ. 61 ಮಾತ್ರ, 99.9 ಇದ್ದರೆ 90. ಮಿಶ್ರಣ ಬದಲಿಸಿದಾಗ ನಾವು ಮೊದಲು ನೋಡುವುದು ಈ ಅಂಕಿಯನ್ನು, ಸಾಮರ್ಥ್ಯವನ್ನಲ್ಲ.